ಗೋದಾಮಿನ ಫೋರ್ಕ್‌ಲಿಫ್ಟ್‌: ಮೂಟೆಯೊಂದಕ್ಕೆ ಬೀಳುವ ಖರ್ಚೆಷ್ಟು?



ಕಳೆದ ಮಹಾಸಭೆಯಲ್ಲಿ ಸದಸ್ಯರೊಬ್ಬರು ಎದ್ದು ಹೀಗೆ ಕೇಳಿದರು: "ಉದ್ಯಾವರದ ಗೋದಾಮಿನಲ್ಲಿ ಎರಡು ಫೋರ್ಕ್‌ಲಿಫ್ಟ್‌ಗಳಿವೆ. ಆದರೂ ಮಾರ್ಚ್ ತಿಂಗಳಲ್ಲಿ ನಮ್ಮ ಲಾರಿ ಅರ್ಧ ದಿನ ಕಾಯಬೇಕಾಯಿತು. ಮೂರನೆಯದೊಂದನ್ನು ಕೊಳ್ಳಬಾರದೇಕೆ?" ಪ್ರಶ್ನೆ ನ್ಯಾಯವಾದದ್ದು. ಇದಕ್ಕೆ ಸಭೆಯಲ್ಲಿ ಎರಡು ಮಾತಿನ ಉತ್ತರ ಕೊಟ್ಟರೆ ಸಾಲದು. ಗೋದಾಮಿನ ಖರ್ಚು ಕೊನೆಗೆ ಸದಸ್ಯರ ಅಡಿಕೆ, ಕಾಫಿಯ ಬೆಲೆಯಿಂದಲೇ ಕಳೆಯುವುದರಿಂದ ಲೆಕ್ಕವನ್ನು ಎಲ್ಲರೂ ತಿಳಿದಿರಬೇಕು.

ಯಂತ್ರವೇ ಬೇಡ, ಹಮಾಲರೇ ಸಾಕು ಎನ್ನುವವರೂ ನಮ್ಮಲ್ಲಿದ್ದಾರೆ. ವಯಸ್ಕ ಗಂಡಾಳು ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1967ರಲ್ಲೇ ಶಿಫಾರಸು ಮಾಡಿದೆ. ಅಡಿಕೆಯ ಮೂಟೆ ಅದಕ್ಕಿಂತ ಭಾರವಾಗಿರುವುದುಂಟು. ಅದನ್ನು ಬೆನ್ನ ಮೇಲೆ ಹೊತ್ತು ಅಟ್ಟಿಯ ತುದಿಗೆ ಏರಿಸುವ ಕೆಲಸವನ್ನು ಮನುಷ್ಯನಿಂದ ಮಾಡಿಸುವುದು ಇನ್ನು ಮುಂದೆ ಸಲ್ಲದು. ಆದುದರಿಂದ ಯಂತ್ರ ಬೇಕೇ ಬೇಡವೇ ಎಂಬುದು ಈಗಿನ ಪ್ರಶ್ನೆಯಲ್ಲ. ಎಷ್ಟು ಬೇಕು, ಹೇಗೆ ನಡೆಸಬೇಕು ಎಂಬುದೇ ಪ್ರಶ್ನೆ.

1. ಗಂಟೆಯ ಲೆಕ್ಕ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಸವಕಳಿ, ಸಾಲದ ಬಡ್ಡಿ, ವಿಮೆ, ಚಾಲಕನ ಸಂಬಳ ಸೇರಿ ಒಂದು ಯಂತ್ರಕ್ಕೆ ವರ್ಷಕ್ಕೆ 4,80,000 ರೂಪಾಯಿ ಎಂದಿರಲಿ. ಯಂತ್ರ ಓಡಲಿ, ನಿಲ್ಲಲಿ, ಈ ಖರ್ಚು ತಪ್ಪದು. ವಿದ್ಯುತ್, ಟಯರು, ದುರಸ್ತಿಗೆ ಓಡಿದ ಗಂಟೆಗೆ 150 ರೂಪಾಯಿ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 1,200 ಗಂಟೆ ಓಡಿದರೆ ಗಂಟೆಗೆ ಬೀಳುವುದು 550 ರೂಪಾಯಿ. 400 ಗಂಟೆ ಮಾತ್ರ ಓಡಿದರೆ 1,350 ರೂಪಾಯಿ. ಒಂದು ಸಲಕ್ಕೆ 50 ಕಿಲೋದ 20 ಮೂಟೆಯಂತೆ ಗಂಟೆಗೆ ಹತ್ತು ಸಲ ಸಾಗಿಸಿದರೆ 200 ಮೂಟೆ. ಅಂದರೆ ಮೊದಲನೆಯ ಪಕ್ಷದಲ್ಲಿ ಮೂಟೆಗೆ 2 ರೂಪಾಯಿ 75 ಪೈಸೆ, ಎರಡನೆಯ ಪಕ್ಷದಲ್ಲಿ 6 ರೂಪಾಯಿ 75 ಪೈಸೆ. ಯಂತ್ರ ಅದೇ, ಚಾಲಕನೂ ಅವನೇ. ವ್ಯತ್ಯಾಸವೆಲ್ಲ ಸುಮ್ಮನೆ ನಿಂತ ಹೊತ್ತಿನದು. ಇದಕ್ಕಾಗಿಯೇ ಪ್ರತಿ ಯಂತ್ರಕ್ಕೂ ಒಂದು ಪುಸ್ತಕವಿಟ್ಟು, ಮೀಟರಿನ ಗಂಟೆ, ಸಾಗಿಸಿದ ಮೂಟೆ, ಮಾಡಿದ ದುರಸ್ತಿ ಇವಿಷ್ಟನ್ನು ದಿನವೂ ಬರೆಯಬೇಕು.

2. ನಮ್ಮಿಂದಾದ ತಪ್ಪು

ಆ ಪುಸ್ತಕವನ್ನು ತಿರುವಿದಾಗ ಮಾರ್ಚಿನ ಗೊಂದಲದ ಕಾರಣ ತಿಳಿಯಿತು. ಹಿಂದಿನ ಮಳೆಗಾಲದಲ್ಲಿ ಕೆಲಸವಿಲ್ಲವೆಂದು ಒಂದು ಯಂತ್ರವನ್ನು ಮೂಲೆಗೆ ನಿಲ್ಲಿಸಿದೆವು. ಬ್ಯಾಟರಿ ಅರ್ಧ ಇಳಿದಿತ್ತು. ಎರಡು ತಿಂಗಳು ಯಾರೂ ಅದನ್ನು ಚಾರ್ಜು ಮಾಡಲಿಲ್ಲ. ಸೀಸ-ಆಮ್ಲದ ಬ್ಯಾಟರಿಯನ್ನು ಇಳಿದ ಸ್ಥಿತಿಯಲ್ಲೇ ಬಿಟ್ಟರೆ ಒಳಗಿನ ತಗಡುಗಳ ಮೇಲೆ ಸಲ್ಫೇಟು ಗಟ್ಟಿಯಾಗಿ ಕೂತು ಶಕ್ತಿ ಕುಂದುತ್ತದೆ. ಸುಗ್ಗಿಯಲ್ಲಿ ಆ ಯಂತ್ರ ಎರಡು ಗಂಟೆ ಓಡಿ ನಿಲ್ಲುತ್ತಿತ್ತು. ಹೆಸರಿಗೆ ಎರಡು ಯಂತ್ರ, ಕೆಲಸಕ್ಕೆ ಒಂದೇ. ಇದು ನಮ್ಮ ಅಜಾಗ್ರತೆ, ಒಪ್ಪಿಕೊಳ್ಳುತ್ತೇವೆ. ಈ ರೋಗಕ್ಕೆ ಮೂರನೆಯ ಯಂತ್ರ ಮದ್ದಲ್ಲ.

ಈಗ ಪಾಲಿಸುತ್ತಿರುವ ಕ್ರಮ ಇದು. ಬ್ಯಾಟರಿಯಲ್ಲಿ ಐದನೇ ಒಂದು ಪಾಲು ಉಳಿದಿರುವಾಗಲೇ ಯಂತ್ರ ನಿಲ್ಲಿಸುವುದು. ರಾತ್ರಿ ಪೂರ್ತಿ ಚಾರ್ಜು ಮಾಡಿ, ತಣಿದ ಮೇಲೆ ಕೆಲಸಕ್ಕೆ ಬಿಡುವುದು. ಬಟ್ಟಿ ಇಳಿಸಿದ ನೀರನ್ನು ಚಾರ್ಜು ಮುಗಿದ ನಂತರ ಹಾಕುವುದು. ಚಾರ್ಜಿನ ವೇಳೆ ಜಲಜನಕ ಹೊರಡುವುದರಿಂದ ಕೋಣೆಗೆ ಗಾಳಿ ಇರಬೇಕು, ಹತ್ತಿರ ಬೀಡಿ ಸೇದಕೂಡದು. ಮಳೆಗಾಲದಲ್ಲೂ ತಪ್ಪದೆ ಚಾರ್ಜು ಮಾಡಿಡಬೇಕು. ಈಚಿನ ಲಿಥಿಯಂ ಬ್ಯಾಟರಿಗೆ ನೀರು ಬೇಡ, ಊಟದ ಬಿಡುವಿನಲ್ಲೂ ಚಾರ್ಜು ಮಾಡಬಹುದು. ಆದರೆ ಬೆಲೆ ಹೆಚ್ಚು. ದಿನವಿಡೀ ಓಡುವ ಗೋದಾಮಿಗೆ ಅದು ಗಿಟ್ಟುತ್ತದೆ, ಮೂರು ನಾಲ್ಕು ತಿಂಗಳ ಸುಗ್ಗಿಯ ಗೋದಾಮಿಗೆ ಗಿಟ್ಟುವುದು ಕಷ್ಟ.

3. ಬೆಳಗಿನ ಹತ್ತು ನಿಮಿಷ

ಚಾಲಕನು ದಿನವೂ ಬ್ರೇಕು, ಹಾರನ್ನು, ಟಯರು, ಸರಪಳಿ, ಎಣ್ಣೆ ಸೋರಿಕೆ ನೋಡಬೇಕು. ಮುಂದಿನ ಕವಲುಗಳ ಬುಡವನ್ನು ಮರೆಯಬಾರದು. ಬುಡ ನೂರಕ್ಕೆ ಹತ್ತರಷ್ಟು ಸವೆದರೆ ಎತ್ತುವ ಬಲ ನೂರಕ್ಕೆ ಇಪ್ಪತ್ತರಷ್ಟು ಇಳಿಯುತ್ತದೆ; ಆಗ ಕವಲು ಬದಲಿಸಲೇಬೇಕು. ಎರಡು ಟನ್ನಿನ ಯಂತ್ರವೆಂದರೆ ಹೇಗಿಟ್ಟರೂ ಎರಡು ಟನ್ ಎತ್ತುತ್ತದೆಂದಲ್ಲ. ಭಾರದ ನಡು ಕವಲಿನ ಬುಡದಿಂದ 500 ಮಿ.ಮೀ. ದೂರದಲ್ಲಿದ್ದಾಗಿನ ಲೆಕ್ಕ ಅದು. ಭಾರ ಮುಂದೆ ಸರಿದಷ್ಟೂ ಬಲ ಕಡಿಮೆ, ಮಗುಚುವ ಭಯ ಹೆಚ್ಚು.

4. ಮಾಲಿನ ಗುಣ

ಮುಚ್ಚಿದ ಗೋದಾಮಿನಲ್ಲಿ ನಾವು ಡೀಸೆಲ್ ಯಂತ್ರ ಓಡಿಸದಿರುವುದಕ್ಕೆ ಕಾರಣವಿದೆ. ಕಾಫಿ ಬೀಜ ಸುತ್ತಲಿನ ವಾಸನೆಯನ್ನು ಬೇಗ ಹೀರುತ್ತದೆ. ಹೊಗೆಯ ವಾಸನೆ ಹಿಡಿದರೆ ರುಚಿ ನೋಡುವವರು ಒಡನೆ ಗುರುತಿಸುತ್ತಾರೆ. ಕರಾವಳಿಯ ತೇವವೂ ಹಾಗೆಯೇ. ಮಂಗಳೂರಿನ ಮಾನ್ಸೂನ್ಡ್ ಕಾಫಿಗೆ ಬೇಕೆಂದೇ ಆ ತೇವ ಕುಡಿಸುತ್ತಾರೆ. ಉಳಿದ ಕಾಫಿಗೆ ಅದು ಹಾನಿ. ಆದ್ದರಿಂದ ಮೂಟೆಗಳನ್ನು ನೆಲಕ್ಕೂ ಗೋಡೆಗೂ ತಾಗದಂತೆ ಪ್ಯಾಲೆಟ್ಟಿನ ಮೇಲೆಯೇ ಪೇರಿಸಬೇಕು. ಗೋದಾಮಿನ ನೆಲ ಒಡೆದಿದ್ದರೆ ಮೊದಲು ಅದನ್ನು ಸರಿಪಡಿಸಬೇಕು. ಟಯರು ಹಾಳಾಗುವುದು, ಮೂಟೆ ಬೀಳುವುದು ಬಹಳ ಸಲ ಅಲ್ಲಿಯೇ.

5. ಕೊಳ್ಳುವುದೋ, ಬಾಡಿಗೆಯೋ?

ವರ್ಷವಿಡೀ ಬೇಕಾದಷ್ಟನ್ನು ಸ್ವಂತಕ್ಕೆ ಇಟ್ಟುಕೊಂಡು, ಸುಗ್ಗಿಯ ಹೆಚ್ಚಿನ ಕೆಲಸಕ್ಕೆ ಬಾಡಿಗೆ ಯಂತ್ರ ತರುವುದೇ ಲೇಸು. ಈ ಕ್ರಮ ನಮಗೆ ಹೊಸದಲ್ಲ. ಕರ್ನಾಟಕ ಸರ್ಕಾರ 2014-15ರಲ್ಲಿ ಆರಂಭಿಸಿದ ಕೃಷಿ ಯಂತ್ರಧಾರೆ ಯೋಜನೆಯ ತತ್ತ್ವವೂ ಇದೇ: ಸಣ್ಣ ರೈತ ಟಿಲ್ಲರು ಕೊಳ್ಳಬೇಕಿಲ್ಲ, ಬೇಕಾದ ದಿನ ಬಾಡಿಗೆಗೆ ತಂದರಾಯಿತು. ನೆರೆಯ ಸಂಘಗಳ ಸುಗ್ಗಿ ನಮ್ಮದಕ್ಕಿಂತ ಹಿಂದು ಮುಂದಾಗಿದ್ದರೆ ಯಂತ್ರವನ್ನು ಹಂಚಿಕೊಳ್ಳಲೂಬಹುದು. ನಾಲ್ಕು ಮಾರು ದೂರ ಸರಿಸುವ ಕೆಲಸಕ್ಕೆ ಕೈಯಿಂದ ಎಳೆಯುವ ಪ್ಯಾಲೆಟ್ ಗಾಡಿಯೇ ಸಾಕು. ಅದಕ್ಕೆ ಚಾರ್ಜೂ ಬೇಡ, ಚಾಲಕನೂ ಬೇಡ.

ಆದುದರಿಂದ ಮೂರನೆಯ ಯಂತ್ರವನ್ನು ಸದ್ಯ ಕೊಳ್ಳುವುದು ಬೇಡವೆಂದು ನಮ್ಮ ಅಭಿಪ್ರಾಯ. ಕೆಟ್ಟ ಬ್ಯಾಟರಿ ಬದಲಿಸಿ, ಪುಸ್ತಕ ಸರಿಯಾಗಿ ಬರೆದು, ಒಂದು ಸುಗ್ಗಿ ನೋಡೋಣ. ಆಗಲೂ ಎರಡೂ ಯಂತ್ರಗಳು ದಿನಪೂರ್ತಿ ದುಡಿದು ಲಾರಿಗಳು ಕಾಯುವಂತಾದರೆ ಲೆಕ್ಕವನ್ನು ಮಹಾಸಭೆಯ ಮುಂದಿಡುತ್ತೇವೆ.

ಸದಸ್ಯರಿಂದ ಮೂರು ಸಹಾಯ ಬೇಕು. ಮೂಟೆಗಳನ್ನು ಒಂದೇ ತೂಕಕ್ಕೆ ತುಂಬಿ; ಅಟ್ಟಿ ಓರೆಯಾಗುವುದಿಲ್ಲ. ಬಾಯಿ ಗಟ್ಟಿಯಾಗಿ ಹೊಲಿಯಿರಿ, ಮಾಲು ಚೆಲ್ಲುವುದಿಲ್ಲ. ಕಾರ್ಕಳದ ಕಡೆಯಿಂದಾಗಲಿ, ಘಟ್ಟದ ಮೇಲಿನಿಂದಾಗಲಿ, ಲಾರಿ ಹೊರಡುವ ಮೊದಲು ಗೋದಾಮಿಗೆ ಫೋನು ಮಾಡಿ ದಿನ ಗೊತ್ತು ಮಾಡಿಕೊಳ್ಳಿ. ಎಲ್ಲರೂ ಸೋಮವಾರ ಬೆಳಿಗ್ಗೆಯೇ ಬಂದರೆ ಹತ್ತು ಯಂತ್ರವಿದ್ದರೂ ಸಾಲದು.