ಬ್ಯಾಟರಿ ಬದಲಿಸುವ ಮುನ್ನ

ಮಲೆನಾಡಿನಲ್ಲಿ ಮಳೆಗಾಲ ಕಳೆದು ಅಡಿಕೆ ಕೊಯ್ಲು ಹತ್ತಿರ ಬಂತೆಂದರೆ, ಹಳೆಯ ಮಿನಿ ಟ್ರ್ಯಾಕ್ಟರ್ ಇಟ್ಟುಕೊಂಡವರ ಮನೆಯಲ್ಲಿ ಕೇಳಿಬರುವ ಮಾತು ‘ಸೆಲ್ಫ್ ಹೊಡೀತಿಲ್ಲ’. ತಿಂಗಳುಗಟ್ಟಲೆ ಮಾಡಿನಡಿ ಥಂಡಿ ಹಿಡಿದು ನಿಂತ ಗಾಡಿ ಅದು. ನಮ್ಮ 18 ಎಚ್‌ಪಿ ಡೀಸೆಲ್ ಗಾಡಿಯೂ ಗೊನೆ ಸಾಗಿಸುವ ಹೊತ್ತಿಗೇ ಕೈಕೊಟ್ಟಿತು. ಕೀ ತಿರುಗಿಸಿದರೆ ‘ಟಕ್’ ಅನ್ನುತ್ತದೆ, ಎಂಜಿನ್ ಅರ್ಧ ಸುತ್ತು ತಿಣುಕಿ ನಿಲ್ಲುತ್ತದೆ. ಪಕ್ಕದ ತೋಟದವರು ಬಂದು ನೋಡಿ, ‘ಬ್ಯಾಟರಿ ಸತ್ತಿದೆ ಮಾರಾಯ್ರೆ, ಹೊಸದು ಹಾಕ್ಸಿ’ ಎಂದರು.

ಸದ್ದನ್ನು ಗಮನವಿಟ್ಟು ಕೇಳಿದರೆ ಅರ್ಧ ಕೆಲಸ ಮುಗಿದಂತೆ. ಏನೂ ಸದ್ದಿಲ್ಲದಿದ್ದರೆ ಫ್ಯೂಸ್, ಕೀ ಸ್ವಿಚ್, ಕ್ಲಚ್ ಪೆಡಲ್ಲಿನ ಸೇಫ್ಟಿ ಸ್ವಿಚ್ ನೋಡಬೇಕು. ಟಕಟಕ ಬಡಿದುಕೊಂಡರೆ ಸಾಮಾನ್ಯವಾಗಿ ಬ್ಯಾಟರಿ ಇಳಿದಿರುತ್ತದೆ ಅಥವಾ ಟರ್ಮಿನಲ್ ಸಡಿಲವಾಗಿರುತ್ತದೆ. ಒಂದೇ ಗಟ್ಟಿ ಟಕ್ ಬಂದರೆ ಸೊಲೆನಾಯ್ಡ್ ಎಳೆದುಕೊಂಡಿದೆ, ಮೋಟಾರಿಗೆ ಸಾಕಷ್ಟು ಕರೆಂಟ್ ಸಿಗುತ್ತಿಲ್ಲ ಎಂದೇ ಬಹುಮಟ್ಟಿಗೆ ಅರ್ಥ.

ಮಲ್ಟಿಮೀಟರ್ ಹಿಡಿದಾಗ ಬ್ಯಾಟರಿ 12.6 ವೋಲ್ಟ್ ತೋರಿಸಿತು. ಪೂರ್ತಿ ಚಾರ್ಜ್ ಆದ ಬ್ಯಾಟರಿಯ ಲೆಕ್ಕ ಅದು. ಆದರೆ ಸುಮ್ಮನಿರುವಾಗಿನ ವೋಲ್ಟ್ ನಂಬಿ ಕೂರಬಾರದು. ನೀರಿನ ಪೈಪಿನ ಹಾಗೆಯೇ ಇದೂ: ಗೇಟ್ ವಾಲ್ವ್ ಮುಚ್ಚಿದಾಗ ಪೈಪಿನ ಉದ್ದಕ್ಕೂ ಒತ್ತಡ ಸರಿಯಾಗೇ ಇರುತ್ತದೆ. ನೀರು ಹರಿಯತೊಡಗಿದಾಗಲೇ ಎಲ್ಲಿ ಕಸ ಕಟ್ಟಿದೆಯೆಂದು ತಿಳಿಯುವುದು. ಸೆಲ್ಫ್ ಎಳೆಯುವ ಕರೆಂಟ್ ನೂರು ಆಂಪಿಯರ್ ದಾಟುತ್ತದೆ. 200 ಆಂಪಿಯರ್ ಹರಿಯುವ ದಾರಿಯಲ್ಲಿ ಒಂದು ಓಮ್‌ನ ನೂರನೇ ಒಂದು ಭಾಗ ತಡೆ ಇದ್ದರೂ 2 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ.

ಹಾಗಾಗಿ ಗೇರ್ ನ್ಯೂಟ್ರಲ್ ಮಾಡಿ, ಎಂಜಿನ್ ಹತ್ತದಂತೆ ಸ್ಟಾಪ್ ನಾಬ್ ಎಳೆದಿಟ್ಟು ಮಗನಿಗೆ ಕೀ ತಿರುಗಿಸಲು ಹೇಳಿದೆ. ಬ್ಯಾಟರಿ 10.8ಕ್ಕೆ ಇಳಿಯಿತು. ಆ ಹೊರೆಯಲ್ಲಿ 9.6ರ ಕೆಳಗೆ ಹೋಗದಿದ್ದರೆ ಬ್ಯಾಟರಿಯನ್ನು ದೂರುವಂತಿಲ್ಲ. ಆಮೇಲೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಕಂಬಕ್ಕೆ, ಇನ್ನೊಂದನ್ನು ಸೆಲ್ಫಿನ ದಪ್ಪ ಬೋಲ್ಟಿಗೆ ಹಿಡಿದು ಮತ್ತೆ ತಿರುಗಿಸಿದಾಗ ಬಂದದ್ದು 0.3 ವೋಲ್ಟ್. ಅರ್ಧ ವೋಲ್ಟಿನೊಳಗೆ ಇದ್ದರೆ ಚಿಂತೆಯಿಲ್ಲ. ಮೈನಸ್ ಕಂಬಕ್ಕೂ ಸೆಲ್ಫಿನ ಮೈಗೂ ನಡುವೆ ಹಿಡಿದಾಗ ಬಂದದ್ದು 2.5! ಕಳ್ಳ ಸಿಕ್ಕಿದ್ದು ಅಲ್ಲಿ. ಸೆಲ್ಫಿನ ಪಾಲಿಗೆ ಉಳಿದದ್ದು ಬರೀ 8 ವೋಲ್ಟ್.

ಅರ್ತಿಂಗ್ ಕೇಬಲ್ ಗೇರ್‌ಬಾಕ್ಸಿನ ಪಕ್ಕ, ಕೆಸರು ಮೆತ್ತಿದ ಕಡೆ ಇತ್ತು. ಹೊರಗಿನಿಂದ ಏನೂ ಗೊತ್ತಾಗುವಂತಿರಲಿಲ್ಲ. ಬೋಲ್ಟ್ ಬಿಚ್ಚಿ ಲಗ್ಗಿನ ಬುಡದಲ್ಲಿ ರಬ್ಬರ್ ಸೀಳಿದರೆ, ತಾಮ್ರದ ಎಳೆಗಳು ಹಸಿರು ಕಿಲುಬು ಹಿಡಿದು ಪುಡಿಪುಡಿಯಾಗಿ ಉದುರಿದವು. ಹೊಸ ಕೇಬಲ್ ತಂದು, ಕೂರುವ ಜಾಗದ ಬಣ್ಣ ಮತ್ತು ತುಕ್ಕನ್ನು ಕಬ್ಬಿಣ ಹೊಳೆಯುವವರೆಗೆ ಎಮರಿ ಕಾಗದದಲ್ಲಿ ಉಜ್ಜಿ ಬಿಗಿದೆವು. ಮೇಲೆ ಗ್ರೀಸ್ ಸವರಿದೆವು. ಬ್ಯಾಟರಿ ಕಂಬಗಳ ಬಿಳಿ ಹುಡಿಗೆ ಅಡುಗೆ ಸೋಡಾ ಕಲಸಿದ ನೀರು ಸಾಕು, ಸೆಲ್ಲಿನೊಳಗೆ ಮಾತ್ರ ಅದು ಹೋಗಬಾರದು. ಕೇಬಲ್ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಸ್ಪ್ಯಾನರ್ ಬಾಡಿಗೆ ತಾಗಿದರೂ ಆಗ ಕಿಡಿ ಹಾರದು.

ವೋಲ್ಟ್ ಪೂರ್ತಿ ತಲುಪಿಯೂ ಸೆಲ್ಫ್ ತಿರುಗದಿದ್ದರೆ ಮಾತ್ರ ಅದನ್ನು ಇಳಿಸಿ ಕಾರ್ಬನ್ ಬ್ರಷ್, ಬುಷ್, ಸೊಲೆನಾಯ್ಡಿನ ಕಾಂಟ್ಯಾಕ್ಟ್ ನೋಡಿಸಬೇಕು. ಆ ಖರ್ಚು ನಮಗೆ ಬರಲಿಲ್ಲ. ಹಳೆಯ ಬ್ಯಾಟರಿಯಲ್ಲೇ ಗಾಡಿ ಈಗಲೂ ಹತ್ತುತ್ತಿದೆ.

ಒಂದು ವಿನಂತಿ. ಅವಸರದಲ್ಲಿ ಕೆಳಗೆ ನಿಂತು, ಸೆಲ್ಫಿನ ಎರಡು ಬೋಲ್ಟಿಗೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಸ್ಟಾರ್ಟ್ ಮಾಡುವವರನ್ನು ನೋಡುತ್ತಲೇ ಇದ್ದೇನೆ. ಹಾಗೆ ಮಾಡಿದಾಗ ಸೇಫ್ಟಿ ಸ್ವಿಚ್ ಇದ್ದೂ ಇಲ್ಲದಂತೆ. ಗೇರಿನಲ್ಲಿದ್ದ ಟ್ರ್ಯಾಕ್ಟರ್ ಹತ್ತಿದ ಕೂಡಲೇ ಮುಂದಕ್ಕೆ ನುಗ್ಗುತ್ತದೆ, ಹಿಂದಿನ ಚಕ್ರ ನಿಂತವರ ಮೇಲೇ ಬರುತ್ತದೆ. ಎಷ್ಟೇ ತುರ್ತಿರಲಿ, ದಯವಿಟ್ಟು ಸೀಟಿನಲ್ಲಿ ಕೂತೇ ಕೀ ತಿರುಗಿಸಿ.