ಪೀಣ್ಯಕ್ಕೆ ಟ್ರೈನಿಂಗ್‌ಗೆ ಬರುವ ಮುಂಚೆ

ಪೀಣ್ಯದ ಟೂಲ್‌ರೂಮ್ ಒಂದರಲ್ಲಿ ನಾನು ಸೂಪರ್‌ವೈಸರ್. ಪ್ರತಿ ವರ್ಷ ಡಿಪ್ಲೊಮಾ ಮೆಕ್ಯಾನಿಕಲ್ ಮಕ್ಕಳು ಇಂಟರ್ನ್‌ಶಿಪ್‌ಗೆ ಬರುತ್ತಾರೆ. ಹೆಚ್ಚಿನವರ ಮೊದಲ ಮಾತು ಒಂದೇ: "ಸಾರ್, ನಂಗೆ ಏನೂ ಎಕ್ಸ್‌ಪೀರಿಯನ್ಸ್ ಇಲ್ಲ." ಅದು ನಮಗೂ ಗೊತ್ತು, ಅದನ್ನು ನಾವು ಕೇಳುವುದೂ ಇಲ್ಲ. ನಾವು ನೋಡುವುದು ಬೇರೆಯದನ್ನು. ಅದಕ್ಕೆ ಕಾಲೇಜಿನಲ್ಲೇ ತಯಾರಾಗಬಹುದು.

1. ಅಳತೆ ಕೈಗೆ ಕೂರಲಿ. ವರ್ನಿಯರ್‌ನ ಲೀಸ್ಟ್ ಕೌಂಟ್ ಸಾಮಾನ್ಯವಾಗಿ 0.02 ಮಿ.ಮೀ., ಮೈಕ್ರೋಮೀಟರ್‌ನದು 0.01 ಎಂದು ಎಲ್ಲರೂ ಒಪ್ಪಿಸುತ್ತಾರೆ. ಆದರೆ ಡ್ರಾಯಿಂಗ್‌ನಲ್ಲಿ 20 ಮಿ.ಮೀ. ತೂತಿಗೆ ಎಚ್7 ಎಂದಿದ್ದರೆ ಅಳತೆ 20.000ರಿಂದ 20.021ರೊಳಗೆ ಇರಬೇಕು. ನಮಗಿರುವ ಸಡಿಲಿಕೆ ವರ್ನಿಯರ್‌ನ ಒಂದು ಗೆರೆಯಷ್ಟೇ! ಅದನ್ನು ವರ್ನಿಯರ್‌ನಲ್ಲಿ ಪರೀಕ್ಷಿಸಿ ಪಾಸು ಮಾಡಲಾಗದು ಎಂದು ತಾನಾಗಿ ಹೇಳಿದ ಹುಡುಗನನ್ನು ನಾನು ಮರೆತಿಲ್ಲ. ಕಾಲೇಜು ವರ್ಕ್‌ಶಾಪಿನಲ್ಲಿ ಒಂದೇ ಪಿನ್ನನ್ನು ಹತ್ತು ಸಲ ಅಳೆದು ಬರೆಯಿರಿ. ಮೊದಲು ಬರ್ ತೆಗೆಯಿರಿ, ಒರೆಸಿ, ಸೊನ್ನೆ ಸರಿಯಾಗಿ ಕೂರುತ್ತದೆಯೇ ನೋಡಿ. ಹತ್ತೂ ಸಲ ಒಂದೇ ಅಳತೆ ಬರುವವರೆಗೆ ಬಿಡಬೇಡಿ. ಓದಿನಲ್ಲಿ ಮುಂದಿರುವವರೂ ಇಲ್ಲೇ ತಡವರಿಸುತ್ತಾರೆ, ಏಕೆಂದರೆ ಒತ್ತುವ ಬೆರಳಿನ ಹದ ಪುಸ್ತಕದಲ್ಲಿ ಸಿಗುವುದಿಲ್ಲ.

2. ಡ್ರಾಯಿಂಗ್ ಕೈಗೆ ಬಂದರೆ ಮೊದಲು ಟೈಟಲ್ ಬ್ಲಾಕ್‌ನ ಗುರುತು ನೋಡಿ. ನಮ್ಮಲ್ಲಿ ಫಸ್ಟ್ ಆಂಗಲ್: ಟಾಪ್ ವ್ಯೂ, ಫ್ರಂಟ್ ವ್ಯೂನ ಕೆಳಗಿರುತ್ತದೆ. ಅಮೆರಿಕದ ಗಿರಾಕಿಯ ಡ್ರಾಯಿಂಗ್ ಥರ್ಡ್ ಆಂಗಲ್; ಅಲ್ಲಿ ಮೇಲಿರುತ್ತದೆ. ಗಮನಿಸದಿದ್ದರೆ ಎಡದ ತೂತು ಬಲಕ್ಕೆ ಬೀಳುತ್ತದೆ, ಮೆಟೀರಿಯಲ್ ಸ್ಕ್ರಾಪ್‌ಗೆ ಹೋಗುತ್ತದೆ. ಮನೆಯ ಬಾಗಿಲ ಚಿಲಕವನ್ನು ಮೂರು ನೋಟದಲ್ಲಿ ಬರೆದು ಅಭ್ಯಾಸ ಮಾಡಿ.

3. ಲೇತ್, ಡ್ರಿಲ್ಲಿಂಗ್ ಮಷೀನ್ ತಿರುಗುವಾಗ ಕೈಗವಸು ಬೇಡ. ಗವಸು ಸಿಕ್ಕಿದರೆ ಬೆರಳನ್ನೂ ಎಳೆದುಕೊಳ್ಳುತ್ತದೆ. ಉಂಗುರ, ಕೈಗೆ ಕಟ್ಟಿದ ದಾರ, ಸಡಿಲ ತೋಳು, ಬಿಟ್ಟ ಜಡೆ, ಇವೂ ಅಷ್ಟೇ. ಚಕ್ ಕೀ ಚಕ್ಕಿನಲ್ಲೇ ಬಿಟ್ಟು ಸ್ವಿಚ್ ಒತ್ತಬೇಡಿ. ಚಿಪ್ಸನ್ನು ಬರಿಗೈಲಿ ಎಳೆಯಬೇಡಿ. ಈ ಒಂದು ವಿಷಯದಲ್ಲಿ ನಾನು ಯಾರ ಮುಖವನ್ನೂ ನೋಡುವುದಿಲ್ಲ.

4. ಅನುಭವವಿಲ್ಲ ಎನ್ನುವ ಮುಂಚೆ ಮನೆಯ ಕಡೆ ನೋಡಿ. ತೋಟದ ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಬಿಚ್ಚಿ ವಾಷರ್ ಬದಲಿಸಿದ್ದೀರಾ? ಟಿಲ್ಲರ್‌ನ ಬೆಲ್ಟ್ ಬಿಗಿ ಮಾಡಿದ್ದೀರಾ? ರೆಸ್ಯೂಮೆಯಲ್ಲಿ "ಹಾರ್ಡ್ ವರ್ಕಿಂಗ್, ಸಿನ್ಸಿಯರ್" ಎಂದು ಬರೆಯುವ ಜಾಗದಲ್ಲಿ ಇದನ್ನು ಬರೆಯಿರಿ. ಅಪ್ಪನ ಹೊಲಿಗೆ ಮಷೀನು ತಾನೇ ಬಿಚ್ಚಿ ಎಣ್ಣೆ ಹಾಕಿ ಜೋಡಿಸುತ್ತೇನೆ ಎಂದ ಹುಡುಗಿಯನ್ನು ನಾನು ನೇರವಾಗಿ ಅಸೆಂಬ್ಲಿ ಬೆಂಚಿಗೆ ಹಾಕಿದೆ. ಬಿಚ್ಚಿದ ಕ್ರಮ ನೆನಪಿಡುವವರಿಗೆ ಮಾತ್ರ ಆ ಕೆಲಸ ಒಲಿಯುತ್ತದೆ.

5. ಆಪರೇಟರ್ ಅಣ್ಣಂದಿರನ್ನು ಕೇಳಿ ಕಲಿಯಿರಿ. ಹಲವರು ಐಟಿಐ ಓದಿದವರು. ನಿಮ್ಮ ಡಿಪ್ಲೊಮಾ ಅವರ ಕಿವಿಯ ಮುಂದೆ ನಿಲ್ಲುವುದಿಲ್ಲ. ಟೂಲ್ ಮೊಂಡಾದದ್ದನ್ನು ಅವರು ಸದ್ದಿನಲ್ಲೇ ಹೇಳುತ್ತಾರೆ. ಸೆಟ್ಟಿಂಗ್ ಮಾಡುತ್ತಿರುವಾಗ ಮಾತ್ರ ಕೇಳಬೇಡಿ. ಟೀ ಹೊತ್ತಿಗೆ ಕೇಳಿ. ಅಂದಂದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ.

6. ಸೇಫ್ಟಿ ಶೂ ಮೊದಲೇ ಕೊಂಡು ಒಂದು ವಾರ ಹಾಕಿ ನಡೆದಾಡಿ, ದಿನವಿಡೀ ನಿಂತೇ ಕೆಲಸ. ಮೆಟ್ರೊದ ಹಸಿರು ಮಾರ್ಗದಲ್ಲಿ ಪೀಣ್ಯ, ಪೀಣ್ಯ ಇಂಡಸ್ಟ್ರಿ ಎರಡೂ ಬೇರೆ ನಿಲ್ದಾಣ. ಹಿಂದಿನ ದಿನವೇ ಬಂದು ಗೇಟು ನೋಡಿಕೊಂಡು ಹೋಗಿ. ಕಾಲೇಜಿನ ಪತ್ರ ಚೀಲದಲ್ಲಿರಲಿ.