ಹಳೇ ಟ್ರ್ಯಾಕ್ಟರ್ ಬಿಚ್ಚುವ ಮುನ್ನ ಅದರ ಜಾತಕ ಓದಿ

ಕೆಂಪು ಟ್ರ್ಯಾಕ್ಟರ್ ಕಂಡರೆ ನಮ್ಮ ರುದ್ರಪಟ್ಟಣದ ಕಡೆ ಎರಡೇ ಹೆಸರು. ಒಂದೋ ಅದು ಮ್ಯಾಸಿ, ಇಲ್ಲವೇ ಇಂಟರ್‌ನ್ಯಾಷನಲ್. ಹೊಗೆಸೊಪ್ಪಿನ ಬ್ಯಾರನ್ ಪಕ್ಕದ ಚಪ್ಪರದಲ್ಲಿ ವರ್ಷಗಟ್ಟಲೆ ನಿಂತು, ಸೀಟಿನ ಮೇಲೆ ಕೋಳಿ ಮೊಟ್ಟೆ ಇಡುವ ಸ್ಥಿತಿಗೆ ಬಂದ ಗಾಡಿಯನ್ನು ಮಗನೋ ಮೊಮ್ಮಗನೋ ಮತ್ತೆ ಓಡಿಸಬೇಕೆಂದು ಹೊರಡುತ್ತಾನೆ. ಮೇಸ್ತ್ರಿ ಬರುತ್ತಾರೆ. ‘ಇಂಟರ್‌ನ್ಯಾಷನಲ್ ತಾನೆ, ಗೊತ್ತು ಬಿಡಿ’ ಅನ್ನುತ್ತಾರೆ, ಹೆಡ್ ಬಿಚ್ಚುತ್ತಾರೆ. ಹಾಸನದಿಂದ ತಂದ ಪಿಸ್ಟನ್ ಬೋರಿಗೆ ಕೂರುವುದಿಲ್ಲ. ಅಲ್ಲಿಗೆ ಗಾಡಿ ಮತ್ತೆ ಐದು ವರ್ಷ ಚಪ್ಪರಕ್ಕೆ.

ತಪ್ಪು ಮೇಸ್ತ್ರಿಯದ್ದಲ್ಲ. ಒಂದೇ ಹೆಸರು, ಒಂದೇ ಬಣ್ಣದ ಅಡಿಯಲ್ಲಿ ನಾಲ್ಕಾರು ಮಾದರಿಗಳು ಬಂದಿವೆ. ಅವುಗಳಲ್ಲಿ ನಿಮ್ಮದು ಯಾವುದು ಎಂದು ಸ್ಪ್ಯಾನರ್ ಹಿಡಿಯುವ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಒಂದು ಭಾನುವಾರ ಸಾಕು. ಸೀಮೆಎಣ್ಣೆ ಅಥವಾ ಡೀಸೆಲ್, ಹಳೇ ಬಟ್ಟೆ, ನೈಲಾನ್ ಬ್ರಷ್ಷು, ಟಾರ್ಚು, ಸೀಮೆಸುಣ್ಣ, ಪೆನ್ಸಿಲ್, ತೆಳು ಕಾಗದ, ಒಂದು ನೋಟ್‌ಬುಕ್ಕು ಇಟ್ಟುಕೊಳ್ಳಿ.

ಮೊದಲು ಕಾಗದ

ಆರ್‌ಸಿ ಇದ್ದರೆ ಅದರಲ್ಲಿರುವ ಚಾಸಿ ನಂಬರು, ಎಂಜಿನ್ ನಂಬರು, ತಯಾರಾದ ವರ್ಷ, ನೋಂದಣಿಯ ದಿನಾಂಕ ನಾಲ್ಕನ್ನೂ ನೋಟ್‌ಬುಕ್ಕಿಗೆ ಇಳಿಸಿ. ತಯಾರಾದ ವರ್ಷವೂ ನೋಂದಣಿಯ ವರ್ಷವೂ ಒಂದೇ ಆಗಿರಬೇಕೆಂದಿಲ್ಲ. ನಂಬರ್ ಪ್ಲೇಟಿನಲ್ಲಿ ಕೆಎ-13 ಇದ್ದ ಮಾತ್ರಕ್ಕೆ ಗಾಡಿ ಹೊಸದೂ ಅಲ್ಲ, ಹಳೆಯದೂ ಅಲ್ಲ. ಕೆಎ ಸರಣಿ ಶುರುವಾದದ್ದು 1989ರಲ್ಲಿ, ಅದಕ್ಕಿಂತ ಹಿಂದಿನ ಗಾಡಿಯೂ ಆಮೇಲೆ ನೋಂದಣಿಯಾಗಿರಬಹುದು. ಎಂವೈ ಎಂದು ಶುರುವಾಗುವ ಹಳೇ ಪ್ಲೇಟು ಸಿಕ್ಕಿದರೆ, ತುಕ್ಕು ಹಿಡಿದಿದ್ದರೂ ಗುಜರಿಗೆ ಹಾಕಬೇಡಿ. ಗಾಡಿಯ ವಯಸ್ಸಿಗೆ ಅದೇ ಮೊದಲ ಸಾಕ್ಷಿ.

ಆರ್‌ಸಿಯಲ್ಲಿರುವ ಎಂಜಿನ್ ನಂಬರು ಗಾಡಿಯ ಮೇಲಿರುವುದಕ್ಕೆ ಹೊಂದದಿದ್ದರೆ ಗಾಬರಿ ಬೇಡ, ಆದರೆ ಅಸಡ್ಡೆಯೂ ಬೇಡ. ಯಾವುದೋ ಕಾಲದಲ್ಲಿ ಎಂಜಿನ್ ಬದಲಾಗಿದೆ ಎಂದರ್ಥ. ಅದನ್ನು ಆರ್‌ಟಿಒ ಕಚೇರಿಯಲ್ಲಿ ನಮೂದಿಸಿಕೊಳ್ಳಬೇಕು. ಬಣ್ಣ ಹೊಡೆದು ಮುಗಿಸಿದ ಮೇಲಲ್ಲ, ಖರ್ಚು ಶುರುಮಾಡುವ ಮುಂಚೆ.

ತೊಳೆಯಿರಿ, ಉಜ್ಜಬೇಡಿ

ಉತ್ಸಾಹಿಗಳು ಮೊದಲ ದಿನವೇ ಮಾಡುವ ಅನಾಹುತ ಇದು. ನಾನೂ ಮಾಡಿದ್ದೇನೆ. ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ಇಡೀ ಗಾಡಿಯ ತುಕ್ಕು ತೆಗೆದೆ. ತುಕ್ಕಿನ ಜೊತೆ ಕಂಪನಿ ಹೊಡೆದಿದ್ದ ಬಣ್ಣವೂ ಹೋಯಿತು, ಕ್ಲಚ್ ಹೌಸಿಂಗ್ ಮೇಲೆ ಪಂಚ್ ಮಾಡಿದ್ದ ಎರಡು ಅಂಕಿಗಳೂ ಸವೆದುಹೋದವು. ಪಂಚ್ ಮಾಡಿದ ನಂಬರಿನ ಹತ್ತಿರ ಗ್ರೈಂಡರ್ ಸುಳಿಯಕೂಡದು. ಅಂಕಿ ಸವೆದ ಗಾಡಿಯನ್ನು ಮುಂದೆ ಮಾರುವಾಗ ಕದ್ದ ಮಾಲೇನೋ ಎಂದು ಅನುಮಾನಿಸುತ್ತಾರೆ.

ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದ ಜಿಡ್ಡು ಒರೆಸಿ, ನೈಲಾನ್ ಬ್ರಷ್ಷಿನಿಂದ ಮೆಲ್ಲಗೆ ತಿಕ್ಕಿ. ಅಕ್ಷರಗಳ ಮೇಲೆ ಸೀಮೆಸುಣ್ಣ ಸವರಿ ಟಾರ್ಚನ್ನು ಓರೆಯಾಗಿ ಬಿಟ್ಟರೆ ತಗ್ಗು ಉಬ್ಬು ಎರಡೂ ಎದ್ದು ಕಾಣುತ್ತವೆ. ತೆಳು ಕಾಗದ ಒತ್ತಿ ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದಿಡಿ, ಆರ್‌ಟಿಒ ಕೆಲಸಕ್ಕೆ ಏಜೆಂಟರು ತೆಗೆಯುತ್ತಾರಲ್ಲ, ಹಾಗೆ. ಫೋಟೊದಲ್ಲಿ 3 ಮತ್ತು 8 ಒಂದೇ ಥರ ಕಾಣುತ್ತವೆ, ಪೆನ್ಸಿಲ್ ಪ್ರಿಂಟಿನಲ್ಲಿ ಕಾಣುವುದಿಲ್ಲ.

ಒಂದು ವಿಷಯ ನೆನಪಿರಲಿ. ಈ ಟ್ರ್ಯಾಕ್ಟರುಗಳಿಗೆ ಲಾರಿಯಂತೆ ಪ್ರತ್ಯೇಕ ಚಾಸಿ ಇಲ್ಲ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಹೌಸಿಂಗ್ ಒಂದಕ್ಕೊಂದು ಬೋಲ್ಟ್ ಆಗಿ ಅವೇ ಗಾಡಿಯ ಬೆನ್ನೆಲುಬು. ಆದ್ದರಿಂದಲೇ ಮೂರು ಗಾಡಿಯ ಮೂರು ತುಂಡು ಸೇರಿಸಿ ಒಂದು ಗಾಡಿ ಮಾಡುವುದು ಸುಲಭ, ಮಾಡಿದವರೂ ಇದ್ದಾರೆ. ಮೂರೂ ತುಂಡುಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕು. ಬಾನೆಟ್ಟನ್ನು ಮಾತ್ರ ಸಾಕ್ಷಿಯೆಂದು ಎಣಿಸಲೇಬೇಡಿ, ನಾಲ್ಕು ಬೋಲ್ಟಿನಲ್ಲಿ ಬದಲಾಗುವ ವಸ್ತು ಅದು.

ಎಷ್ಟು ಸಿಲಿಂಡರ್?

ಡೀಸೆಲ್ ಪಂಪಿನಿಂದ ಹೊರಟು ನಾಜಲ್‌ಗಳಿಗೆ ಹೋಗುವ ಸಣ್ಣ ಉಕ್ಕಿನ ಪೈಪುಗಳನ್ನು ಎಣಿಸಿ. ಪೈಪು ಎಷ್ಟೋ ಸಿಲಿಂಡರ್ ಅಷ್ಟು. ಗಾಡಿ ಸ್ಟಾರ್ಟ್ ಆಗುವಂತಿದ್ದರೆ ಕಿವಿಯೇ ಸಾಕು. ರುದ್ರಪಟ್ಟಣದಂಥ ಸಂಗೀತ ಗ್ರಾಮದಲ್ಲಿ ಕೂತು ಈ ಲೆಕ್ಕ ಹೇಳದಿದ್ದರೆ ಹೇಗೆ? ಎಂಜಿನ್ ನಿಮಿಷಕ್ಕೆ 600 ಸುತ್ತು ತಿರುಗುವಾಗ ಮೂರು ಸಿಲಿಂಡರ್ ಸೆಕೆಂಡಿಗೆ 15 ಸಲ ಉರಿಯುತ್ತದೆ, ನಾಲ್ಕು ಸಿಲಿಂಡರ್ 20 ಸಲ. ಮೂರರ ಸದ್ದು ಷಡ್ಜವಾದರೆ ನಾಲ್ಕರದ್ದು ಶುದ್ಧ ಮಧ್ಯಮ. ಎರಡು ಸಿಲಿಂಡರಿನದು ಮಂದ್ರದ ಮಧ್ಯಮಕ್ಕಿಳಿಯುತ್ತದೆ. ವೇಗ ಒಂದೇ ಇದ್ದಾಗ ಮಾತ್ರ ಈ ಮಾತು, ಆಕ್ಸಿಲರೇಟರ್ ಎಳೆದು ಶ್ರುತಿ ನೋಡಬೇಡಿ.

ಇಂಟರ್‌ನ್ಯಾಷನಲ್ ಬಿ-275

ನಮ್ಮಲ್ಲಿ ಹೆಚ್ಚು ಗೊಂದಲ ಇರುವುದು ಇದರದ್ದೇ, ಹಾಗಾಗಿ ತುಸು ಉದ್ದವಾಗಿಯೇ ಹೇಳುತ್ತೇನೆ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ಇಂಗ್ಲೆಂಡಿನ ಬ್ರಾಡ್‌ಫರ್ಡಿನಲ್ಲಿ 1956ರಲ್ಲಿ ಬಿ-250, 1958ರಲ್ಲಿ ಬಿ-275, 1961ರಲ್ಲಿ ಬಿ-414 ತಂದಿತು. 1963ರಲ್ಲಿ ಮಹೀಂದ್ರ, ವೋಲ್ಟಾಸ್ ಮತ್ತು ಹಾರ್ವೆಸ್ಟರ್ ಸೇರಿ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರ್ ಕಂಪನಿ ಆಫ್ ಇಂಡಿಯಾ ಕಟ್ಟಿದವು. ಬಿ-275 ಮುಂಬೈಯಲ್ಲಿ ತಯಾರಾಗತೊಡಗಿತು. 1977ರಲ್ಲಿ ಆ ಕಂಪನಿ ಮಹೀಂದ್ರದಲ್ಲಿ ಲೀನವಾಯಿತು. ಒಂದೇ ಗಾಡಿಯನ್ನು ಅಜ್ಜ ‘ಇಂಟರ್‌ನ್ಯಾಷನಲ್’ ಅನ್ನುವುದಕ್ಕೂ ಅಪ್ಪ ‘ಮಹೀಂದ್ರ’ ಅನ್ನುವುದಕ್ಕೂ ಕಾರಣ ಇದು.

ಮೂರರಲ್ಲೂ ನಾಲ್ಕು ಸಿಲಿಂಡರ್. ಹೊರಗಿನಿಂದ ಎಂಜಿನ್ ನೋಡಿ ಬೇರ್ಪಡಿಸುವುದು ಕಷ್ಟ. ಮೊದಲು ಗೇರ್ ನೋಡಿ: ಬಿ-250ಕ್ಕೆ ಮುಂದಕ್ಕೆ ಐದೇ ಗೇರು. ಬಿ-275ಕ್ಕೆ ಹೈ-ಲೋ ಲಿವರ್ ಸೇರಿ ಎಂಟು, ಹಿಂದಕ್ಕೆ ಎರಡು. ಎಂಜಿನ್ ನಿಂತಿದ್ದರೂ ಲಿವರ್ ಆಡಿಸಿ ಇಷ್ಟನ್ನು ಕಂಡುಕೊಳ್ಳಬಹುದು. ಬಿ-275 ಮತ್ತು ಬಿ-414 ನಡುವಿನ ವ್ಯತ್ಯಾಸ ಇರುವುದು ಬೋರಿನಲ್ಲಿ. ಬಿ-275ರ ಬಿಡಿ-144 ಎಂಜಿನ್ನಿನ ಬೋರು ಮೂರೂ ಮೂರು ಎಂಟನೇ ಇಂಚು, ಅಂದರೆ 85.7 ಮಿ.ಮೀ. ಬಿ-414ರ ಬಿಡಿ-154 ಎಂಜಿನ್ನಿನದು ಮೂರೂವರೆ ಇಂಚು, 88.9 ಮಿ.ಮೀ. ಎರಡರಲ್ಲೂ ಪಿಸ್ಟನ್ ಓಡುವ ದೂರ ನಾಲ್ಕೇ ಇಂಚು. 144, 154 ಅನ್ನುವುದು ಎಂಜಿನ್ನಿನ ಗಾತ್ರ, ಘನ ಇಂಚಿನಲ್ಲಿ. ಕಾಲು ಇಂಚಿನ ಅರ್ಧದಷ್ಟು ವ್ಯತ್ಯಾಸಕ್ಕೆ ಪಿಸ್ಟನ್ ಸೆಟ್ಟೇ ದಂಡವಾಗುತ್ತದೆ. ಹೆಡ್ ಬಿಚ್ಚಿದ ದಿನ ವರ್ನಿಯರ್ ಹಿಡಿದು ಅಳೆದ ಮೇಲೆಯೇ ಅಂಗಡಿಗೆ ಹೋಗಿ. ಹಿಂದೆ ಯಾರಾದರೂ ರೀಬೋರ್ ಮಾಡಿಸಿದ್ದರೆ ಅಳತೆ ತುಸು ಹೆಚ್ಚೇ ಬರುತ್ತದೆ. ಪಿಸ್ಟನ್ನಿನ ನೆತ್ತಿಯ ಮೇಲೆ ಓವರ್‌ಸೈಜ್ ಅಂಕಿ ಇದೆಯೇ ನೋಡಿಕೊಳ್ಳಿ.

ಇನ್ನೊಂದು ಬಲೆ ಇದೆ. ಈಗ ಶೋರೂಮಿನಲ್ಲಿ ಸಿಗುವ ಮಹೀಂದ್ರ 275 ಡಿಐ ಮೂರು ಸಿಲಿಂಡರಿನದು. ಹಳೇ ಬಿ-275ಕ್ಕೂ ಅದಕ್ಕೂ ಅಂಕಿಯೊಂದು ಬಿಟ್ಟರೆ ಎಂಜಿನ್ ಮಟ್ಟಿಗೆ ಸಂಬಂಧವಿಲ್ಲ. ಡಿಐ ಎಂದರೆ ಡೀಸೆಲ್ಲನ್ನು ನೇರವಾಗಿ ಪಿಸ್ಟನ್ನಿನ ಮೇಲೆ ಚಿಮುಕಿಸುವ ಎಂಜಿನ್. ಮೂಲ ಬಿಡಿ-144ರಲ್ಲಿ ಡೀಸೆಲ್ ಮೊದಲು ಹೆಡ್ಡಿನೊಳಗಿನ ಸಣ್ಣ ಗೂಡಿಗೆ ಹೋಗುತ್ತದೆ, ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಲು ಹೀಟರ್ ಪ್ಲಗ್ ಕಾಯಿಸಬೇಕು. ಹೆಡ್ಡಿನ ಮೇಲೆ ಸಿಲಿಂಡರಿಗೊಂದರಂತೆ ಹೀಟರ್ ಪ್ಲಗ್ ಇದ್ದರೆ ಅದು ಹಳೇ ಹೆಡ್ಡು. ಅಂಗಡಿಯವರಿಗೆ ‘275’ ಎಂದಷ್ಟೇ ಹೇಳಿದರೆ ಅವರು ಕೊಡುವುದು ಇಂದಿನದ್ದನ್ನು.

ಮ್ಯಾಸಿ 35

ಇದರ ಕತೆ ಬಣ್ಣದಿಂದ ಶುರುವಾಗುತ್ತದೆ. 1946ರಿಂದ 1956ರವರೆಗೆ ಕೊವೆಂಟ್ರಿಯಲ್ಲಿ ತಯಾರಾದ ಫರ್ಗುಸನ್ ಟಿಇ-20 ಪೂರ್ತಿ ಬೂದು. 1956ರಲ್ಲಿ ಬಂದ ಫರ್ಗುಸನ್ 35ರ ತಗಡು ಬೂದು, ಎಂಜಿನ್ ಗೇರ್‌ಬಾಕ್ಸು ಮಾತ್ರ ಕಂಚಿನ ಬಣ್ಣ. 1957ರ ಕೊನೆಗೆ ಅದೇ ಗಾಡಿ ಮ್ಯಾಸಿ ಫರ್ಗುಸನ್ 35 ಎಂಬ ಹೆಸರಿನಲ್ಲಿ ಕೆಂಪಾಯಿತು. ಹಾಗಾಗಿ ಡ್ಯಾಶ್‌ಬೋರ್ಡಿನ ಹಿಂಬದಿ, ಡೀಸೆಲ್ ಟ್ಯಾಂಕಿನ ಅಡಿ, ಬಿಸಿಲು ಬೀಳದ ಜಾಗದಲ್ಲಿ ಬೆರಳಗಲ ಮಾತ್ರ ನೀರು ಕಾಗದದಿಂದ ಉಜ್ಜಿ ಪದರ ನೋಡಿ. ಕೆಂಪಿನಡಿ ಬೂದು ಸಿಕ್ಕಿದರೆ ಕುಣಿದಾಡುವ ಮೊದಲು ಅದು ಪ್ರೈಮರ್ ಅಲ್ಲ ಎಂದು ಖಾತ್ರಿ ಮಾಡಿಕೊಳ್ಳಿ.

ಡ್ಯಾಶ್‌ಬೋರ್ಡಿನ ಮೇಲಿನ ತಟ್ಟೆಯಲ್ಲಿ ಸೀರಿಯಲ್ ನಂಬರಿನ ಮುಂದಿನ ಅಕ್ಷರಗಳು ಮುಖ್ಯ. ಟಿಇ-20 ಸಾಲಿನಲ್ಲಿ ಟಿಇಎ ಎಂದರೆ ಪೆಟ್ರೋಲ್, ಟಿಇಎಫ್ ಎಂದರೆ ಡೀಸೆಲ್. 35ರಲ್ಲಿ ಎಸ್‌ಡಿಎಂ ಎಂದರೆ ನಾಲ್ಕು ಸಿಲಿಂಡರಿನ ಸ್ಟ್ಯಾಂಡರ್ಡ್ ಡೀಸೆಲ್ ಎಂಜಿನ್ನಿನದು, ಎಸ್‌ಎನ್‌ಎಂ ಎಂದರೆ ಮೂರು ಸಿಲಿಂಡರಿನ ಪರ್ಕಿನ್ಸ್ ಇರುವುದು. ಸ್ಟ್ಯಾಂಡರ್ಡ್ ಎಂಜಿನ್ ಚಳಿಗಾಲದಲ್ಲಿ ಸ್ಟಾರ್ಟ್ ಆಗಲು ಸತಾಯಿಸುವುದಕ್ಕೆ ಕುಖ್ಯಾತ. 1959ರ ಕೊನೆಗೆ ಕಂಪನಿಯೇ ಅದನ್ನು ಕೈಬಿಟ್ಟು ಪರ್ಕಿನ್ಸ್ ಎ3.152 ಹಾಕಿತು. ಇದರ ಬೋರು 3.6 ಇಂಚು, ಓಟ 5 ಇಂಚು. ಆ 152 ಕೂಡ ಘನ ಇಂಚಿನ ಲೆಕ್ಕವೇ. ನಿಮ್ಮದು ನಾಲ್ಕು ಸಿಲಿಂಡರಿನ 35 ಆಗಿದ್ದರೆ ಅದನ್ನು ಓಡಿಸುವ ಗಾಡಿಯಾಗಿ ಅಲ್ಲ, ಅಪರೂಪದ ವಸ್ತುವಾಗಿ ಇಟ್ಟುಕೊಳ್ಳುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

1964ರ ಕೊನೆಗೆ ಬಂದ 135ರ ಬಾನೆಟ್ ಚೌಕ, 35ರದ್ದು ದುಂಡು. ಚೆನ್ನೈಯಲ್ಲಿ 1960ರಲ್ಲಿ ಶುರುವಾದ ಟಾಫೆ ಮುಂದೆ ಇದೇ ವಂಶದಿಂದ 1035 ತಂದಿತು, ನಮ್ಮೂರ ಬಹುಪಾಲು ‘ಮ್ಯಾಸಿ’ಗಳು ಅವೇ. 1035ಕ್ಕೆ 35ರ ಬಾನೆಟ್ ಕೂರಿಸಿ ‘ಇಂಗ್ಲೆಂಡ್ ಗಾಡಿ’ ಎಂದು ಮಾರುವವರಿದ್ದಾರೆ. ತಟ್ಟೆ ಓದಿ, ಹೌಸಿಂಗ್ ಮೇಲಿನ ಎರಕದ ಅಕ್ಷರ ಓದಿ, ಆಮೇಲೆ ದುಡ್ಡಿನ ಮಾತು.

ಉಳಿದವು

ಎಚ್‌ಎಂಟಿ ಟ್ರ್ಯಾಕ್ಟರ್ ಕಂಡರೆ ತಲೆಬಿಸಿ ಇಲ್ಲ. 1971ರಲ್ಲಿ ಪಿಂಜೋರಿನಲ್ಲಿ ಜೆಕೊಸ್ಲೊವಾಕಿಯಾದ ಝೆಟರ್ ತಂತ್ರಜ್ಞಾನದಲ್ಲಿ ಶುರುವಾದ 2511 ಎರಡು ಸಿಲಿಂಡರಿನ 25 ಎಚ್‌ಪಿ ಗಾಡಿ. 3511, 5911ರಲ್ಲೂ ಮೊದಲ ಎರಡು ಅಂಕಿಯೇ ಎಚ್‌ಪಿ. ಹಳೇ ಐಷರ್ ಆದರೆ ರೇಡಿಯೇಟರ್ ಇದೆಯೇ ನೋಡಿ, ಗಾಳಿಯಿಂದಲೇ ತಣಿಯುವ ಎಂಜಿನ್ ಅದರ ಗುರುತು.

ಸ್ಪ್ಯಾನರ್ ಕೂಡ ಸಾಕ್ಷಿ ಹೇಳುತ್ತದೆ. ಇಂಗ್ಲಿಷ್ ಮೂಲದ ಹಳೇ ಗಾಡಿಗಳಿಗೆ ಇಂಚಿನ ಸ್ಪ್ಯಾನರ್ ಬೇಕು, ಝೆಟರಿಗೆ ಮಿ.ಮೀ.ನದು. ಬಿ-275ರ ಒಂದು ಭಾಗದಲ್ಲಿ ಮಾತ್ರ ಸಾಲಾಗಿ ಮಿ.ಮೀ. ಬೋಲ್ಟುಗಳಿದ್ದರೆ ಆ ಭಾಗ ಹೊರಗಿನಿಂದ ಬಂದದ್ದು. ಡೀಸೆಲ್ ಪಂಪಿನ ಮೇಲಿನ ಸಣ್ಣ ತಟ್ಟೆಯನ್ನೂ ಬರೆದುಕೊಳ್ಳಿ. ಮೈಕೊ ಪಂಪಾದರೆ ಬೆಂಗಳೂರಿನ ಆಡುಗೋಡಿಯ ಕಂಪನಿಯದು, ಈಗಿನ ಬಾಷ್. ಪಂಪ್ ರಿಪೇರಿಯವರು ಕೇಳುವುದು ಗಾಡಿಯ ಹೆಸರನ್ನಲ್ಲ, ಆ ತಟ್ಟೆಯ ನಂಬರನ್ನು.

ಇಷ್ಟಾದ ಮೇಲೆ ನೋಟ್‌ಬುಕ್ಕಿನ ಒಂದು ಪುಟದಲ್ಲಿ ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್, ಡೀಸೆಲ್ ಪಂಪು, ತಗಡು ಎಂದು ಐದು ಸಾಲು ಎಳೆದು, ಪ್ರತಿಯೊಂದರ ಮುಂದೆ ಯಾವ ಮಾದರಿ, ಯಾವ ನಂಬರು ಎಂದು ಬರೆಯಿರಿ. ಐದೂ ಒಂದೇ ಮಾದರಿಯಾದರೆ ಅದೃಷ್ಟ. ಬೇರೆ ಬೇರೆಯಾದರೂ ಗಾಡಿ ಓಡುತ್ತದೆ, ಬಿಡಿಭಾಗ ತರುವಾಗ ಯಾವುದಕ್ಕೆ ಯಾವ ಹೆಸರು ಹೇಳಬೇಕೆಂಬುದು ಮಾತ್ರ ಬದಲಾಗುತ್ತದೆ. ಆ ಪುಟದ ಒಂದು ಜೆರಾಕ್ಸ್ ಮೇಸ್ತ್ರಿಯ ಕೈಗೆ ಕೊಡಿ.

ಡ್ಯಾಶ್‌ಬೋರ್ಡಿನ ತಟ್ಟೆ ಕಳೆದುಹೋಗಿದ್ದರೆ ಹೊಸ ತಟ್ಟೆ ಕೆತ್ತಿಸಿ ಊಹೆಯ ನಂಬರು ಹಾಕಿಸಬೇಡಿ. ಆ ಜಾಗ ಖಾಲಿಯೇ ಇರಲಿ.